5.1 ಎಂಬ ಒಳ್ಳೆ ಸುದ್ದಿ: ಸಿಕಲ್ ಸೆಲ್ ಇದ್ದವರ ಶುಗರ್ ಅಳೆಯಲು ಹೋದ ಒಂದು ಪ್ರಕರಣ

ಈ ಪ್ರಕರಣದಲ್ಲಿ ಎಡವಿದ್ದು ನಾನೇ. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸುಲಭ.

ಶಿವಮೊಗ್ಗ ಜಿಲ್ಲೆಯ ಒಂದು ಮಲೆನಾಡು ತಾಲ್ಲೂಕಿನಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್ ಇದೆ. ಬರುವವರಲ್ಲಿ ಶುಗರ್, ಬಿಪಿಯವರೇ ಜಾಸ್ತಿ. ಸಿಕಲ್ ಸೆಲ್ ಕಾಯಿಲೆಯವರು ನನ್ನ ಬಳಿ ಬರುವುದು ತೀರಾ ಅಪರೂಪ. ಎರಡೂ ಒಬ್ಬರಲ್ಲೇ ಇರುವುದನ್ನು ನಾನು ನೋಡಿದ್ದು ಇದೊಂದೇ ಸಲ. ರೋಗಿ ಮತ್ತು ಅವರ ಮಗಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ವಯಸ್ಸು, ಮನೆಯ ವಿವರ ಸ್ವಲ್ಪ ಬದಲಿಸಿದ್ದೇನೆ. ಊರು, ಸಮುದಾಯ ಬರೆಯುವುದಿಲ್ಲ. ನಮ್ಮ ಕಡೆ ಊರು ಅಂದರೆ ಗುಡ್ಡಕ್ಕೊಂದು ಮನೆ, ಒಟ್ಟು ಹತ್ತು ಹನ್ನೆರಡು. ಒಂದು ಸುಳಿವು ಸಿಕ್ಕರೂ ಯಾರ ಮನೆ ಅಂತ ಗೊತ್ತಾಗಿಬಿಡುತ್ತದೆ. ಇಲ್ಲಿ ಅವರನ್ನು ಅಕ್ಕ ಅಂತಲೇ ಕರೆಯುತ್ತೇನೆ. ಕ್ಲಿನಿಕ್‌ನಲ್ಲೂ ಹಾಗೇ ಕರೆಯುವುದು.

ಹಿನ್ನೆಲೆ

ಅಕ್ಕನಿಗೆ ಆಗ 40 ದಾಟಿತ್ತು. ತೋಟದ ಕೂಲಿ. ಸುಗ್ಗಿಯಲ್ಲಿ ರಾತ್ರಿ ಹನ್ನೊಂದರ ತನಕ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವ ಕೆಲಸ. ಚಿಕ್ಕಂದಿನಿಂದ ಕಣ್ಣು ಸ್ವಲ್ಪ ಹಳದಿ. ಊರಲ್ಲಿ ಕಾಮಾಲೆ ಅಂತ ಮದ್ದು ಕೊಡಿಸಿದ್ದೇ ಕೊಡಿಸಿದ್ದು. ಚಳಿಗಾಲ ಬಂತೆಂದರೆ ಮೂಳೆ ಮೂಳೆ ನೋವು. ಎರಡನೇ ಹೆರಿಗೆಯಲ್ಲಿ ರಕ್ತ ತೀರಾ ಕಡಿಮೆಯಾದಾಗ ಶಿವಮೊಗ್ಗದಲ್ಲಿ ಪರೀಕ್ಷೆ ಮಾಡಿ ಸಿಕಲ್ ಸೆಲ್ ಅಂತ ಹೇಳಿದ್ದರು. ಸರ್ಕಾರಿ ಕಾಗದಗಳಲ್ಲಿ ಇದಕ್ಕೆ ಕುಡುಗೋಲು ಕಣ ರಕ್ತಹೀನತೆ ಅಂತ ಬರೆಯುತ್ತಾರೆ. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗಿ, ಗಟ್ಟಿಯಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ನೋವು ಬರುವುದು ಅದರಿಂದಲೇ.

ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿ ಬೆಟ್ಟದ ಬುಡಕಟ್ಟು ಜನರಲ್ಲಿ. 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದ 17 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆ ಅಭಿಯಾನದಲ್ಲಿ ಪರೀಕ್ಷೆ ಮಾಡುವುದು 40 ವರ್ಷದೊಳಗಿನವರಿಗೆ. ಅಕ್ಕನಂಥವರು ಆ ಗೆರೆಯಿಂದ ಆಚೆ ಉಳಿದರು. ಹಿಂದೆಲ್ಲ ಈ ಕಾಯಿಲೆಯವರು ಬೇಗ ಹೋಗಿಬಿಡುತ್ತಿದ್ದರು. ಈಗ ಕಣ ಬಾಗುವುದನ್ನು ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಮಾತ್ರೆ ಇದೆ, ಸೋಂಕಿಗೆ ಒಳ್ಳೆ ಔಷಧಿ ಇವೆ. ನಲವತ್ತು, ಐವತ್ತು ದಾಟುತ್ತಾರೆ. ಆ ವಯಸ್ಸಿಗೆ ಬೇರೆಯವರಿಗೆ ಬರುವ ಸಕ್ಕರೆ ಕಾಯಿಲೆ ಇವರಿಗೂ ಬರುತ್ತದೆ.

ಅಕ್ಕ ದಿನಕ್ಕೊಂದು ಹೈಡ್ರಾಕ್ಸಿಯೂರಿಯಾ, ಒಂದು ಫೋಲಿಕ್ ಆಸಿಡ್ ನುಂಗುತ್ತಿದ್ದರು. ಹಿಮೋಗ್ಲೋಬಿನ್ 8ರ ಆಸುಪಾಸು. ಅವರಿಗೆ ಅದೇ ಮಾಮೂಲು.

ಜೂನ್‌ನಲ್ಲಿ, ಮಳೆ ಹಿಡಿದ ಹೊಸದರಲ್ಲಿ, ಕಾಲಿನ ಗಾಯ ಒಣಗುತ್ತಿಲ್ಲ ಅಂತ ಬಂದರು. ಶುಗರ್ ನೋಡಿಸಿದೆ. ಖಾಲಿ ಹೊಟ್ಟೆಯಲ್ಲಿ 171, ಊಟವಾಗಿ ಎರಡು ಗಂಟೆಗೆ 254. ಇನ್ನೊಂದು ದಿನ ಮತ್ತೆ ಮಾಡಿಸಿದಾಗಲೂ ಹೆಚ್ಚುಕಮ್ಮಿ ಅಷ್ಟೇ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಜಾಸ್ತಿ ಎರಡು ಸಲ ಬಂದರೆ ಡಯಾಬಿಟಿಸ್. ಅನುಮಾನಕ್ಕೆ ಜಾಗವೇ ಇರಲಿಲ್ಲ. ಮೆಟ್‌ಫಾರ್ಮಿನ್ 500 ಎರಡು ಹೊತ್ತು ಬರೆದೆ. ಅನ್ನ ಕಡಿಮೆ ಮಾಡಿ, ಬೆಲ್ಲದ ಕಾಫಿ ಬಿಡಿ ಅಂದೆ. ಬೆಲ್ಲದ ಕಾಫಿ ಅಂದಾಗ ಅಕ್ಕ ನನ್ನ ಮುಖವನ್ನೇ ನೋಡಲಿಲ್ಲ.

ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತೀರಿ ಅಂತ ಕೇಳಿದ್ದೆ. "ಮೂರ್ನಾಲ್ಕು ಸಲ. ನಂಗೆ ಮೊದ್ಲಿಂದ್ಲೂ ಹಂಗೇ" ಅಂದಿದ್ದರು. ನಿಜವೇ. ಸಿಕಲ್ ಸೆಲ್ ಇರುವವರ ಮೂತ್ರಪಿಂಡಕ್ಕೆ ಮೂತ್ರವನ್ನು ಗಟ್ಟಿ ಮಾಡುವ ಶಕ್ತಿ ಚಿಕ್ಕ ವಯಸ್ಸಿನಲ್ಲೇ ಹೋಗಿರುತ್ತದೆ. ನೀರು ಜಾಸ್ತಿ ಹೋಗುತ್ತದೆ, ಬಾಯಾರಿಕೆಯೂ ಜಾಸ್ತಿ. ಬೇರೆಯವರಿಗೆ ಶುಗರ್ ಏರಿದ್ದನ್ನು ಸಾರಿ ಹೇಳುವ ಲಕ್ಷಣ ಇವರಿಗೆ ದಿನನಿತ್ಯದ್ದು.

ಚೀಟಿಯಲ್ಲಿದ್ದ ಎರಡು ಅಂಕಿ

ಮೂರು ತಿಂಗಳಾದ ಮೇಲೆ ಎಚ್‌ಬಿಎ1ಸಿ ಮಾಡಿಸಿದೆ. ಜನ "ಮೂರು ತಿಂಗಳ ಶುಗರ್" ಅನ್ನುತ್ತಾರಲ್ಲ, ಅದು. ಆ ಚೀಟಿ ಈಗಲೂ ಫೈಲಿನಲ್ಲಿದೆ. ಅದೇ ದಿನ, ಅದೇ ಲ್ಯಾಬ್, ಅದೇ ಚೀಟಿ. ಮೇಲಿನ ಸಾಲಿನಲ್ಲಿ ಖಾಲಿ ಹೊಟ್ಟೆ 154. ಕೆಳಗಿನ ಸಾಲಿನಲ್ಲಿ ಎಚ್‌ಬಿಎ1ಸಿ 5.1.

5.1 ಅಂದರೆ ಶುಗರ್ ಇಲ್ಲದವರ ಅಂಕಿ. ನನಗೆ ಖುಷಿಯಾಯಿತು. ಅಕ್ಕನಿಗೆ ಇನ್ನೂ ಖುಷಿ. 154 ಕಣ್ಣಿಗೆ ಬಿದ್ದಿತ್ತು. ಹಿಂದಿನ ರಾತ್ರಿ ಏನೋ ತಿಂದಿರಬೇಕು ಅಂದುಕೊಂಡೆ. ಒಂದು ದಿನದ ಅಂಕಿ ಆ ದಿನದ್ದು, ಮೂರು ತಿಂಗಳದ್ದು ಮೂರು ತಿಂಗಳದ್ದು. ಎರಡರಲ್ಲಿ ದೊಡ್ಡದನ್ನು ನಂಬು ಅಂತಲೇ ನಾವು ಕಲಿತಿರುವುದು. ಮೆಟ್‌ಫಾರ್ಮಿನ್ ಅನ್ನು ಒಂದು ಹೊತ್ತಿಗೆ ಇಳಿಸಿದೆ.

ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಎಚ್‌ಬಿಎ1ಸಿಯಿಂದ ಸರಾಸರಿ ಶುಗರ್ ತೆಗೆಯುವ ಲೆಕ್ಕ ಗೊತ್ತಿಲ್ಲದ್ದೇನಲ್ಲ: 28.7ರಿಂದ ಗುಣಿಸಿ 46.7 ಕಳೆಯಬೇಕು. 5.1ಕ್ಕೆ ಬರುವುದು ಸುಮಾರು 100. ದಿನದಲ್ಲೇ ಕಡಿಮೆ ಇರುವ ಹೊತ್ತು, ಖಾಲಿ ಹೊಟ್ಟೆಯ ಹೊತ್ತು, ಅಲ್ಲೇ 154 ಇದೆ. ಹಾಗಿದ್ದ ಮೇಲೆ ಇಡೀ ದಿನದ ಸರಾಸರಿ 100 ಆಗುವುದು ಹೇಗೆ? ಐದನೇ ಕ್ಲಾಸಿನ ಹುಡುಗನೂ ಕೇಳುವ ಪ್ರಶ್ನೆ. ಎರಡು ಅಂಕಿಗಳ ನಡುವೆ ಒಂದು ಬೆರಳಿನಷ್ಟು ಜಾಗ ಇತ್ತು, ಅಷ್ಟೇ. ಚೀಟಿಯ ತಲೆಯಲ್ಲಿ ನಾನೇ ನನ್ನ ಕೈಯಾರೆ "ಸಿಕಲ್ ಸೆಲ್" ಅಂತಲೂ ಬರೆದಿದ್ದೆ. ಆದರೂ ಒಂದನ್ನೊಂದು ಜೋಡಿಸಲಿಲ್ಲ.

ಯಾಕೆ ಹೀಗಾಗುತ್ತದೆ ಅಂತ ಆಮೇಲೆ ಅಕ್ಕನಿಗೆ ಹೇಳುವಾಗ ನೆನಪಾಗಿದ್ದು ಅವರ ಮನೆಯ ಒಲೆ. ಒಲೆ ಮೇಲಿನ ಅಟ್ಟದಲ್ಲಿ ಇಟ್ಟ ಗಡಿಗೆಗೆ ದಿನಾ ಹೊಗೆ ತಾಗಿ ಮಸಿ ಹಿಡಿಯುತ್ತದೆ. ನಾಲ್ಕು ತಿಂಗಳು ಇಟ್ಟ ಗಡಿಗೆಯ ಮಸಿ ನೋಡಿದರೆ ಒಲೆ ಎಷ್ಟು ಉರಿದಿದೆ ಅಂತ ಅಂದಾಜು ಮಾಡಬಹುದು. ಎಚ್‌ಬಿಎ1ಸಿ ಅಂದರೆ ಕೆಂಪು ಕಣದ ಹಿಮೋಗ್ಲೋಬಿನ್‌ಗೆ ಹೀಗೆ ಅಂಟಿದ ಸಕ್ಕರೆ. ಸಾಮಾನ್ಯವಾಗಿ ಕೆಂಪು ಕಣ 120 ದಿನ ಬದುಕುತ್ತದೆ, ಲೆಕ್ಕ ಸರಿಹೋಗುತ್ತದೆ. ಸಿಕಲ್ ಕಣ ಬದುಕುವುದು 10ರಿಂದ 20 ದಿನ. ಗಡಿಗೆಯನ್ನು ಎರಡು ವಾರಕ್ಕೊಮ್ಮೆ ಬದಲಿಸಿದರೆ ಮಸಿ ಹಿಡಿಯುವುದಾದರೂ ಯಾವಾಗ? ಒಲೆ ಧಗಧಗ ಉರಿಯುತ್ತಿದ್ದರೂ ಗಡಿಗೆ ತೊಳೆದಿಟ್ಟ ಹಾಗೇ ಇರುತ್ತದೆ.

ಜನವರಿ

ಮಾತ್ರೆ ಇಳಿಸಿದ್ದು ಸೆಪ್ಟೆಂಬರ್‌ನಲ್ಲಿ. ಸುಗ್ಗಿ ಶುರುವಾಯಿತು, ಅಕ್ಕ ಬರಲಿಲ್ಲ. ಆಶಾ ಕಾರ್ಯಕರ್ತೆ ಎರಡು ಸಲ ಹೇಳಿ ಕಳಿಸಿದ್ದರಂತೆ. "ಡಾಕ್ಟ್ರೇ ಸರಿಯಿದೆ ಅಂದಾರಲ್ಲ" ಅಂತ ಉತ್ತರ ಕೊಟ್ಟಿದ್ದರಂತೆ. ಅವರ ತಪ್ಪೇನಿಲ್ಲ.

ಜನವರಿ ಮೊದಲ ವಾರ ಜ್ವರ, ಸೊಂಟ ಮತ್ತು ತೊಡೆಯಲ್ಲಿ ತಡೆಯಲಾಗದ ನೋವು. ಆ ತಿಂಗಳಲ್ಲಿ ಜ್ವರ, ಮೈಕೈ ನೋವು ಅಂದರೆ ನಮ್ಮ ಕಡೆ ಮೊದಲ ಯೋಚನೆ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ ಅದು. ಈ ಜಿಲ್ಲೆಯಲ್ಲಿ ಅದನ್ನು ಮರೆತು ಜ್ವರ ನೋಡುವ ಹಾಗಿಲ್ಲ. ಅದರ ಪರೀಕ್ಷೆಯೂ ಆಯಿತು, ನೆಗೆಟಿವ್ ಬಂತು. ಅಷ್ಟರಲ್ಲಿ ಅಕ್ಕನನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ದಿದ್ದರು. ದಾಖಲಾದಾಗ ಶುಗರ್ 380. ನಾಲಿಗೆ ಒಣಗಿತ್ತು. ತೂಕ ನಾಲ್ಕು ಕೆ.ಜಿ. ಇಳಿದಿತ್ತು.

ಶುಗರ್ ಅಷ್ಟು ಏರಿದಾಗ ಮೂತ್ರದ ಜೊತೆ ಮೈಯ ನೀರೂ ಹೋಗುತ್ತದೆ. ನೀರು ಕಡಿಮೆಯಾದರೆ ಸಿಕಲ್ ಕಣಗಳು ಇನ್ನಷ್ಟು ಬಾಗುತ್ತವೆ, ನೋವು ಕೆರಳುತ್ತದೆ. ಅಡಿಕೆ ಸುಲಿಯುವ ಚಪ್ಪರದ ಚಳಿ, ನಿದ್ದೆಗೇಡು, ಸೋಂಕು ಎಲ್ಲವೂ ಸೇರಿದ್ದವು. ನಾನು ಮಾತ್ರೆ ಇಳಿಸಿದ್ದರಿಂದಲೇ ಹೀಗಾಯಿತು ಅಂತ ಎದೆ ಮುಟ್ಟಿ ಹೇಳಲಾರೆ. ಏನೂ ಸಂಬಂಧ ಇಲ್ಲ ಅಂತ ಹೇಳಲಂತೂ ಆಗುವುದೇ ಇಲ್ಲ.

ಅಲ್ಲಿ ಒಂದು ಫೋನ್ ಬಂತು. ಪ್ರಕರಣ ತಿರುಗಿದ್ದು ಅಲ್ಲೇ. ಲ್ಯಾಬಿನ ಹಿರಿಯ ಟೆಕ್ನಿಷಿಯನ್ ವಾರ್ಡಿನ ವೈದ್ಯರಿಗೆ ಮಾಡಿದ್ದು. ಆ ವೈದ್ಯರು ನನ್ನ ಪರಿಚಯದವರೇ, ಆಮೇಲೆ ನನಗೆ ಹೇಳಿದರು. ಟೆಕ್ನಿಷಿಯನ್ ಹೇಳಿದ್ದಿಷ್ಟು: "ಎಚ್‌ಬಿಎ1ಸಿ ಕಳಿಸಿದ್ದೀರಿ ಸರ್. ಮೆಷಿನ್‌ನಲ್ಲಿ ಎಸ್ ಬರ್ತಿದೆ, ಎಫ್ ಬರ್ತಿದೆ. ಎ ಬರೋ ಜಾಗ ಖಾಲಿ. ನಾನು ನಂಬರ್ ಕೊಡಲ್ಲ."

ಅವರ ಮೆಷಿನ್ ಎಚ್‌ಪಿಎಲ್‌ಸಿ. ಹಿಮೋಗ್ಲೋಬಿನ್‌ನ ಬಗೆಗಳನ್ನು ಒಂದೊಂದಾಗಿ ಬೇರ್ಪಡಿಸಿ ಗ್ರಾಫ್ ಬರೆಯುತ್ತದೆ. ಎಸ್ ಅಂದರೆ ಸಿಕಲ್ ಬಗೆ, ಎಫ್ ಅಂದರೆ ಹುಟ್ಟುವ ಮೊದಲಿನ ಬಗೆ, ಎ ಅಂದರೆ ಸಾಮಾನ್ಯ ಬಗೆ. ತಂದೆ ತಾಯಿ ಇಬ್ಬರಿಂದಲೂ ಸಿಕಲ್ ಜೀನ್ ಬಂದವರಲ್ಲಿ ಸಾಮಾನ್ಯ ಹಿಮೋಗ್ಲೋಬಿನ್ ಎ ಇರುವುದೇ ಇಲ್ಲ. ಎಚ್‌ಬಿಎ1ಸಿ ಅಂದರೆ ಎ ಮೇಲೆ ಕೂತ ಸಕ್ಕರೆ. ಎ ಇಲ್ಲದವರಲ್ಲಿ ಎ1ಸಿ ಎಲ್ಲಿಂದ ಬಂತು? ನಮ್ಮ ತಾಲ್ಲೂಕಿನ ಮೆಷಿನ್ ಬೇರೆ ವಿಧಾನದ್ದು. ಅದಕ್ಕೆ ಗ್ರಾಫ್ ಇಲ್ಲ. ರಕ್ತ ಹಾಕಿದರೆ ಒಂದು ಅಂಕಿ ಕೊಡುತ್ತದೆ, ಯಾರ ರಕ್ತವಾದರೂ. ಇಲ್ಲಿ ಒಂದು ತಮಾಷೆಯಿದೆ. ಸಕ್ಕರೆ ಕಾಯಿಲೆಯವರಲ್ಲಿ ಈ ಎ1ಸಿ ಜಾಸ್ತಿ ಇರುತ್ತದೆ ಅಂತ 1968ರಲ್ಲಿ ಟೆಹರಾನ್‌ನ ಸ್ಯಾಮುಯೆಲ್ ರಹಬರ್ ಕಂಡುಕೊಂಡದ್ದು, ಅಸಹಜ ಹಿಮೋಗ್ಲೋಬಿನ್‌ಗಳನ್ನು ಹುಡುಕುತ್ತಿದ್ದಾಗ. ಈ ಪರೀಕ್ಷೆ ಹುಟ್ಟಿದ್ದೇ ಹಿಮೋಗ್ಲೋಬಿನ್ ಬೇರೆ ಬೇರೆ ಇರುತ್ತದೆ ಅನ್ನುವ ಹುಡುಕಾಟದಲ್ಲಿ. ನಾವು ಅದನ್ನೇ ಮರೆತು ಅಂಕಿ ಓದುತ್ತೇವೆ.

ಆ ಟೆಕ್ನಿಷಿಯನ್ ಅಂಕಿ ಕೊಟ್ಟುಬಿಡಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಈ ಇಡೀ ಪ್ರಕರಣದಲ್ಲಿ ಸರಿಯಾದ ಕೆಲಸ ಮೊದಲು ಮಾಡಿದವರು ಅವರು.

ಹಿಮೋಗ್ಲೋಬಿನ್ 6ಕ್ಕೆ ಇಳಿದಿದ್ದರಿಂದ ಒಂದು ಬಾಟಲಿ ರಕ್ತ ಕೊಟ್ಟರು. ಇನ್ಸುಲಿನ್, ಡ್ರಿಪ್, ನೋವಿನ ಔಷಧಿ. ಎಂಟು ದಿನಕ್ಕೆ ಮನೆಗೆ ಬಂದರು. ಮನೆಗೆ ಬಂದ ಎರಡು ವಾರಕ್ಕೆ ಅಕ್ಕನ ತಮ್ಮ ಯಾರದೋ ಮಾತು ಕೇಳಿ ಮತ್ತೊಂದು ಕಡೆ ಎಚ್‌ಬಿಎ1ಸಿ ಮಾಡಿಸಿಕೊಂಡು ಬಂದ. 6.3. "ನೋಡಿ ಸರ್, ಈಗ ಬರ್ತಿದೆ" ಅಂದ. ಈಗ ಮೈಯಲ್ಲಿ ದಾನಿಯ ಕಣಗಳಿದ್ದವು. ಅವುಗಳ ಮೇಲಿನ ಮಸಿ ದಾನಿಯ ಮನೆ ಒಲೆಯದ್ದು. ಬೇರೆಯವರ ಅಟ್ಟದ ಗಡಿಗೆ ತಂದು ನಮ್ಮ ಅಟ್ಟದಲ್ಲಿಟ್ಟು ಮಸಿ ಲೆಕ್ಕ ಹಾಕಿದ ಹಾಗೆ. ಆ ಚೀಟಿಯನ್ನು ನಾನು ಫೈಲಿಗೆ ಹಾಕಲಿಲ್ಲ.

ಮೀಟರ್ ಕೂಡ

ಎಚ್‌ಬಿಎ1ಸಿ ಬಿಟ್ಟಾಯಿತು. ಇನ್ನು ಮನೆಯಲ್ಲೇ ಗ್ಲುಕೋಮೀಟರ್‌ನಿಂದ ನೋಡೋಣ ಅಂತ ತೀರ್ಮಾನ ಮಾಡಿದೆವು. ಅಕ್ಕನ ಮಗಳು ಡಿಗ್ರಿ ಓದುತ್ತಿದ್ದಳು. ಇನ್ನೂರು ಪುಟದ ನೋಟ್‌ಬುಕ್ಕಿಗೆ ಅಡ್ಡಗೆರೆ ಉದ್ದಗೆರೆ ಎಳೆದು ತಾರೀಕು, ಹೊತ್ತು, ಮೀಟರ್, ಏನು ತಿಂದರು, ಎಷ್ಟು ಚೊಂಬು ನೀರು ಕುಡಿದರು, ನೋವು ಅಂತ ಕಾಲಂ ಮಾಡಿದಳು. ನೋವಿಗೆ ಅಂಕಿ ಇಲ್ಲ, ಗೀಟುಗಳು. ಒಂದು ಗೀಟು ಅಂದರೆ ಸಣ್ಣ ನೋವು, ನಾಲ್ಕು ಗೀಟು ಅಂದರೆ ಅಮ್ಮ ಎದ್ದಿಲ್ಲ.

ಆಸ್ಪತ್ರೆಯಿಂದ ರಾತ್ರಿ ಹೊತ್ತಿನ ಇನ್ಸುಲಿನ್ 10 ಯೂನಿಟ್ ಬರೆದು ಕಳಿಸಿದ್ದರು. ಮೀಟರ್‌ನಲ್ಲಿ ಬೆಳಗಿನ ಶುಗರ್ 190, 200, 196 ಬರುತ್ತಿತ್ತು. ಹತ್ತು ದಿನದಲ್ಲಿ ಎರಡು ಸಲ ಏರಿಸಿ 16 ಮಾಡಿದೆ. ಮೊದಲ ಸಲ ಅಂಕಿ ಕಡಿಮೆ ಅಂತ ಮೋಸಹೋಗಿದ್ದೆನಲ್ಲ, ಈ ಸಲ ಜಾಸ್ತಿ ಅಂಕಿ ಕಂಡರೆ ಸಾಕು, ಕೈ ಓಡುತ್ತಿತ್ತು.

ಒಂದು ರಾತ್ರಿ ಮೂರು ಗಂಟೆಗೆ ಮಗಳ ಫೋನ್. ಅಮ್ಮ ಬೆವತು ನೀರಾಗಿದ್ದಾರೆ, ಕೈ ನಡುಗುತ್ತಿದೆ, ಏನೇನೋ ಮಾತಾಡುತ್ತಿದ್ದಾರೆ. ಮೀಟರ್‌ನಲ್ಲಿ 86 ತೋರಿಸುತ್ತಿದೆ, ಅದು ನಾರ್ಮಲ್ ಅಲ್ವಾ ಸರ್, ಏನು ಮಾಡಲಿ? ಅಂಕಿ ಬಿಡು, ಮೊದಲು ಬೆಲ್ಲದ ನೀರು ಕುಡಿಸು ಅಂದೆ. ಹತ್ತು ನಿಮಿಷ ಫೋನ್ ಇಟ್ಟಿರಲಿಲ್ಲ. ಹಿಂದೆ ಲೋಟದ ಸದ್ದು ಕೇಳುತ್ತಿತ್ತು. ಆಮೇಲೆ ಅಕ್ಕನ ದನಿ: "ಬೆಲ್ಲ ಬಿಡಿ ಅಂದೋರೂ ನೀವೇ, ಕುಡೀರಿ ಅನ್ನೋರೂ ನೀವೇ." ಆ ಮಾತು ಕೇಳಿದ ಮೇಲೆ ನನಗೆ ಉಸಿರು ಬಂತು.

ಸಾಮಾನ್ಯವಾಗಿ 86ಕ್ಕೆ ಯಾರೂ ಹಾಗೆ ನಡುಗುವುದಿಲ್ಲ. ತುಂಬಾ ದಿನ ಜಾಸ್ತಿ ಶುಗರ್ ಇದ್ದವರಿಗೆ ಮಾಮೂಲು ಅಂಕಿಗೇ ನಡುಕ ಬರುವುದುಂಟು. ಆದರೆ ಮಾತು ತಪ್ಪುವುದಿಲ್ಲ. ಮರುದಿನ ಅಕ್ಕನನ್ನು ಕರೆಸಿ, ಒಂದೇ ಹೊತ್ತಿಗೆ ಬೆರಳಿನಿಂದ ಮೀಟರ್‌ಗೂ ತೋಳಿನಿಂದ ಲ್ಯಾಬ್‌ಗೂ ರಕ್ತ ತೆಗೆಸಿದೆ. ಮೀಟರ್ 231. ಲ್ಯಾಬ್ 186.

ಸ್ಟ್ರಿಪ್ ಡಬ್ಬಿಯ ಒಳಗಿನ ಕಾಗದವನ್ನು ಅವತ್ತೇ ಮೊದಲ ಸಲ ಪೂರ್ತಿ ಓದಿದೆ ಅಂದರೆ ನಂಬುತ್ತೀರಾ? ಇಷ್ಟು ವರ್ಷ ಎಷ್ಟು ಡಬ್ಬಿ ಬಿಚ್ಚಿದ್ದೇನೋ. ಇರುವೆ ಗಾತ್ರದ ಅಕ್ಷರದಲ್ಲಿ ಹಿಮಟೋಕ್ರಿಟ್ 30ರಿಂದ 55 ಅಂತ ಇತ್ತು. ಹಿಮಟೋಕ್ರಿಟ್ ಅಂದರೆ ನೂರು ಪಾಲು ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಅನ್ನುವುದು. ಅಕ್ಕನದು 22. ಕಣಗಳು ಕಡಿಮೆ ಇದ್ದರೆ ಸ್ಟ್ರಿಪ್‌ನೊಳಗೆ ಸಕ್ಕರೆ ಇರುವ ನೀರಿನಂಶ ಜಾಸ್ತಿ ಇಳಿಯುತ್ತದೆ, ಅಡ್ಡ ಬರುವ ಕಣಗಳೂ ಕಡಿಮೆ. ಮೀಟರ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ರಾತ್ರಿಯ 86 ನಿಜದಲ್ಲಿ 70ರ ಆಸುಪಾಸು, ಬಹುಶಃ ಇನ್ನೂ ಕೆಳಗೆ ಇದ್ದಿರಬೇಕು.

ಅಂದರೆ ಒಂದೇ ಮೈಯಲ್ಲಿ ಒಂದು ಪರೀಕ್ಷೆ ಶುಗರ್ ಇಲ್ಲ ಅನ್ನುತ್ತದೆ, ಇನ್ನೊಂದು ವಿಪರೀತ ಇದೆ ಅನ್ನುತ್ತದೆ. ಮೊದಲನೆಯದನ್ನು ನಂಬಿ ಮಾತ್ರೆ ಇಳಿಸಿದೆ, ಎರಡನೆಯದನ್ನು ನಂಬಿ ಇನ್ಸುಲಿನ್ ಏರಿಸಿದೆ. ಎರಡೂ ಸಲ ಪೆಟ್ಟು ತಿಂದದ್ದು ಅಕ್ಕ.

ಲ್ಯಾಬಿನ ಬಾಟಲಿ

ಹಾಗಾದರೆ ತೋಳಿನಿಂದ ತೆಗೆದ ರಕ್ತವೇ ಗತಿ ಅಂದುಕೊಂಡೆ. ಅದಕ್ಕೂ ಒಂದು ಷರತ್ತು ಇದೆ ಅಂತ ತೋರಿಸಿಕೊಟ್ಟಿದ್ದು ನಮ್ಮ ತಾಲ್ಲೂಕಿನ ಲ್ಯಾಬ್ ಹುಡುಗ. ಅಕ್ಕನ ಊರಿನ ಕಡೆಯ ಸ್ಯಾಂಪಲ್‌ಗಳನ್ನು ಬೆಳಿಗ್ಗೆ ಏಳಕ್ಕೆ ತೆಗೆದು ಬಸ್ಸಿನಲ್ಲಿ ಕಳಿಸುತ್ತಾರೆ. ಲ್ಯಾಬ್ ಮುಟ್ಟುವಾಗ ಹನ್ನೊಂದು. ಮಳೆಗಾಲದಲ್ಲಿ ಮರ ಬಿದ್ದರೆ ಮಧ್ಯಾಹ್ನ. ಬಾಟಲಿಯೊಳಗೂ ಕಣಗಳು ಸುಮ್ನೆ ಕೂರುವುದಿಲ್ಲ, ಸಕ್ಕರೆ ತಿನ್ನುತ್ತಲೇ ಇರುತ್ತವೆ. ಗಂಟೆಗೆ ಶೇಕಡಾ 5ರಿಂದ 7ರಷ್ಟು ಇಳಿಯುತ್ತದೆ. ಸಿಕಲ್ ಸೆಲ್ ಇದ್ದವರಲ್ಲಿ ಬಿಳಿ ಕಣಗಳೂ ಸಾಮಾನ್ಯವಾಗಿ ಜಾಸ್ತಿ, ಅವು ಇನ್ನೂ ಹೊಟ್ಟೆಬಾಕ.

ಹುಡುಗ ಒಂದು ಪ್ರಯೋಗ ಮಾಡಿದ. ಅಕ್ಕನ ಒಂದೇ ಸಲದ ರಕ್ತವನ್ನು ಎರಡು ಬಾಟಲಿಗೆ ಹಾಕಿದ. ಒಂದನ್ನು ತಕ್ಷಣ ಯಂತ್ರದಲ್ಲಿ ತಿರುಗಿಸಿ ಪ್ಲಾಸ್ಮಾ, ಅಂದರೆ ಕಣಗಳಿಲ್ಲದ ನೀರಿನಂಶ, ಬೇರೆ ಮಾಡಿದ. ಇನ್ನೊಂದನ್ನು, ಸಾದಾ ಬಾಟಲಿಯದ್ದನ್ನು, ನಾಲ್ಕು ಗಂಟೆ ಮೇಜಿನ ಮೇಲೆ ಬಿಟ್ಟ. ಮೊದಲನೆಯದು 152, ಎರಡನೆಯದು 118. ಬೂದು ಮುಚ್ಚಳದ ಫ್ಲೋರೈಡ್ ಬಾಟಲಿ ಬಳಸಿದರೆ ಈ ಇಳಿತ ನಿಲ್ಲುತ್ತದೆ. ಅದೂ ಹಿಡಿತಕ್ಕೆ ಬರಲು ಒಂದೆರಡು ಗಂಟೆ ಬೇಕು. ಹಾಗಾಗಿ ಅಕ್ಕ ತಿಂಗಳಿಗೊಮ್ಮೆ ಮೊದಲ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ತಾಲ್ಲೂಕಿಗೇ ಬರುವುದು, ಬುತ್ತಿಯಲ್ಲಿ ತಂದ ಅಕ್ಕಿ ರೊಟ್ಟಿಯನ್ನು ಲ್ಯಾಬ್ ಬೆಂಚಿನ ಮೇಲೆ ಕೂತು ತಿನ್ನುವುದು, ಎರಡು ಗಂಟೆ ಬಿಟ್ಟು ಮತ್ತೆ ರಕ್ತ ಕೊಡುವುದು ಅಂತಾಯಿತು. ಒಂದು ದಿನದ ಕೂಲಿ ಹೋಗುತ್ತದೆ. ಅದಕ್ಕೆ ನನ್ನ ಬಳಿ ಉಪಾಯ ಇಲ್ಲ.

ಮುಂದೆ ಮಾಡಿದ್ದು

ಮೀಟರ್ ಬದಲಿಸಿದೆವು. ಕಡಿಮೆ ಹಿಮಟೋಕ್ರಿಟ್‌ನಲ್ಲೂ ಸರಿಯಾಗಿ ಓದುವ ಸ್ಟ್ರಿಪ್‌ಗಳು ಇವೆ, ಬೆಲೆ ಸ್ವಲ್ಪ ಜಾಸ್ತಿ. ಮಗಳ ನೋಟ್‌ಬುಕ್ಕಿನಲ್ಲಿ ಲ್ಯಾಬ್ ಅಂತ ಹೊಸ ಕಾಲಂ ಬಂತು. ತಿಂಗಳಿಗೊಮ್ಮೆ ಎರಡನ್ನೂ ಪಕ್ಕ ಪಕ್ಕ ಬರೆದು ಎಷ್ಟು ವ್ಯತ್ಯಾಸ ಅಂತ ನೋಡುತ್ತೇವೆ.

ಫ್ರಕ್ಟೋಸಮೈನ್ ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದೆ. ಇದು ಕೆಂಪು ಕಣದ ಗೊಡವೆಗೇ ಹೋಗುವುದಿಲ್ಲ. ರಕ್ತದ ಪ್ರೋಟೀನ್‌ಗೆ, ಮುಖ್ಯವಾಗಿ ಆಲ್ಬುಮಿನ್‌ಗೆ, ಅಂಟಿದ ಸಕ್ಕರೆ ಅಳೆಯುತ್ತದೆ. ಹಿಂದಿನ ಎರಡು ಮೂರು ವಾರದ ಕಥೆ ಹೇಳುತ್ತದೆ. ಆಲ್ಬುಮಿನ್ ತೀರಾ ಕಡಿಮೆ ಇದ್ದರೆ, ಮೂತ್ರದಲ್ಲಿ ಪ್ರೋಟೀನ್ ವಿಪರೀತ ಹೋಗುತ್ತಿದ್ದರೆ ಇದೂ ಸುಳ್ಳು ಹೇಳುತ್ತದೆ. ಸಿಕಲ್ ಸೆಲ್, ಶುಗರ್ ಎರಡೂ ಮೂತ್ರಪಿಂಡವನ್ನು ಕೆಡಿಸುವಂಥವೇ. ಅದಕ್ಕೆ ಆಲ್ಬುಮಿನ್ ಮೊದಲು ನೋಡಿದೆ, 3.6 ಇತ್ತು, ಪರವಾಗಿಲ್ಲ. ಫ್ರಕ್ಟೋಸಮೈನ್ 372 ಬಂತು. ಆ ಲ್ಯಾಬಿನ ಮಿತಿ 285. ಅಂತೂ ಒಂದು ಅಂಕಿಯಾದರೂ ಬಾಕಿ ಲಕ್ಷಣಗಳ ಜೊತೆ ಹೊಂದಿತು.

ರಾತ್ರಿ ಏನಾಗುತ್ತಿದೆ ಅಂತ ಗೊತ್ತಾಗಬೇಕಿತ್ತು. ತೋಳಿಗೆ ಅಂಟಿಸಿದರೆ ಹಗಲು ರಾತ್ರಿ ಶುಗರ್ ಅಳೆಯುತ್ತಲೇ ಇರುವ ಸಿಜಿಎಂ ಸೆನ್ಸರ್ 14 ದಿನಕ್ಕೆ ಕೆಲವು ಸಾವಿರ ರೂಪಾಯಿ. ತಿಂಗಳು ತಿಂಗಳು ಆಗುವ ಮಾತಲ್ಲ, ಒಂದು ಸಲ ಮಾಡೋಣ ಅಂತ ತೋಟದ ಒಡೆಯರ ಮನೆಯವರು ಅರ್ಧ ಕೊಟ್ಟರು. ಈ ಸಲ ಕಾಗದ ಮೊದಲೇ ಓದಿದೆ. ಓದಿದ್ದು ಒಳ್ಳೆಯದಾಯಿತು. ಕೆಲವು ಕಂಪನಿಗಳ ಸೆನ್ಸರ್‌ಗಳಲ್ಲಿ ಹೈಡ್ರಾಕ್ಸಿಯೂರಿಯಾ ತೆಗೆದುಕೊಳ್ಳುವವರ ರೀಡಿಂಗ್ ಇರುವುದಕ್ಕಿಂತ ಜಾಸ್ತಿ ಬರುತ್ತದೆ. ಸಿಕಲ್ ಸೆಲ್ ಇದ್ದವರು ನುಂಗುವುದೇ ಆ ಮಾತ್ರೆ! ಆ ಎಚ್ಚರಿಕೆ ಇಲ್ಲದ ಸೆನ್ಸರ್ ಆರಿಸಿದೆವು. ಆದರೂ ಮೂರು ಸಲ ಲ್ಯಾಬ್ ರಕ್ತದ ಜೊತೆ ತಾಳೆ ನೋಡಿದೆ. ಬೆವರಿಗೆ ಸೆನ್ಸರ್‌ನ ಅಂಚು ಬಿಟ್ಟುಕೊಂಡಿತು. ಮಗಳು ಮೇಲೊಂದು ಪ್ಲಾಸ್ಟರ್ ಹಚ್ಚಿ 14 ದಿನ ದಾಟಿಸಿದಳು.

ಗ್ರಾಫ್ ನೋಡಿದರೆ ಎಲ್ಲ ಬಿಡಿಸಿ ಹೇಳಿದ ಹಾಗಿತ್ತು. ರಾತ್ರಿ ಊಟ ಒಂಬತ್ತಕ್ಕೆ, ಗಂಜಿ ಅನ್ನ. ಹತ್ತೂವರೆಗೆ 260, 270. ಆಮೇಲೆ ಇನ್ಸುಲಿನ್ ಕೆಲಸ ಜೋರಾಗಿ, ಮೂರು ಗಂಟೆಗೆ 65. ನಡುವಿನ ಸರಾಸರಿ ತೆಗೆದರೆ ಏನೂ ತಿಳಿಯುತ್ತಿರಲಿಲ್ಲ. ರಾತ್ರಿ ಇನ್ಸುಲಿನ್ ಅನ್ನು 10ಕ್ಕೆ ಇಳಿಸಿದೆ. ಮೆಟ್‌ಫಾರ್ಮಿನ್ ಪೂರ್ತಿ ಮಾಡಿದೆ, ಟೆನೆಲಿಗ್ಲಿಪ್ಟಿನ್ ಅನ್ನುವ ಇನ್ನೊಂದು ಶುಗರ್ ಮಾತ್ರೆ ಸೇರಿಸಿದೆ. ಡಾಪಾಗ್ಲಿಫ್ಲೋಜಿನ್ ಕೊಡಬಹುದಲ್ಲ ಅಂತ ಸ್ನೇಹಿತರೊಬ್ಬರು ಕೇಳಿದರು. ಮೂತ್ರದಲ್ಲಿ ಸಕ್ಕರೆ ಕಳಿಸುವ ಮಾತ್ರೆ ಅದು, ಜೊತೆಗೆ ನೀರೂ ಹೋಗುತ್ತದೆ. ನೀರು ಕಡಿಮೆಯಾಗಿ ಒಮ್ಮೆ ಮಲಗಿದವರಿಗೆ ಅದನ್ನು ಕೊಡಲು ನನಗೆ ಧೈರ್ಯ ಬರಲಿಲ್ಲ. ಊಟ ಏಳೂವರೆಗೆ ಬಂತು. ಗಂಜಿ ಅರ್ಧವಾಯಿತು. ಬೆಲ್ಲದ ಕಾಫಿ ವಾರಕ್ಕೊಮ್ಮೆ ಅಂತ ರಾಜಿಯಾಯಿತು. ವಾರಕ್ಕೊಮ್ಮೆಯೇ ಕುಡಿಯುತ್ತಾರೆ ಅಂತ ನಾನೇನೂ ನಂಬಿಲ್ಲ.

ಕಣ್ಣಿನ ಪರದೆ ತೋರಿಸಿದೆವು, ಎರಡೂ ಕಾಯಿಲೆಗೂ ಅದು ಬೇಕು. ಕಾಲಿನ ಗಾಯ ಮೇ ಹೊತ್ತಿಗೆ ಒಣಗಿತು.

ಈಗ ಎಂಟು ತಿಂಗಳಾಗಿದೆ. ಲ್ಯಾಬಿನಲ್ಲಿ ಖಾಲಿ ಹೊಟ್ಟೆ 110ರಿಂದ 140ರೊಳಗೆ, ಊಟದ ನಂತರ 200ರೊಳಗೆ. ಫ್ರಕ್ಟೋಸಮೈನ್ 301ಕ್ಕೆ ಇಳಿದಿದೆ. ಆಸ್ಪತ್ರೆ ಸೇರುವಂಥ ನೋವು ಬಂದಿಲ್ಲ. ನಾಲ್ಕು ಗೀಟಿನ ದಿನ ನೋಟ್‌ಬುಕ್ಕಿನಲ್ಲಿ ಎರಡೇ.

ನನ್ನ ಕ್ಲಿನಿಕ್‌ನಲ್ಲೂ ಒಂದೆರಡು ಬದಲಾವಣೆ ಆಗಿವೆ. ಎಚ್‌ಬಿಎ1ಸಿ ಬಂದ ತಕ್ಷಣ ಪಕ್ಕದಲ್ಲಿ ಸರಾಸರಿ ಲೆಕ್ಕ ಬರೆದು, ಅದೇ ದಿನದ ಶುಗರ್ ಜೊತೆ ನೋಡುತ್ತೇನೆ. ಹೊಂದದಿದ್ದರೆ ಹಿಮೋಗ್ಲೋಬಿನ್ ಕೇಳುತ್ತೇನೆ. ಸಿಕಲ್ ಸೆಲ್ ಕಾಯಿಲೆ, ಇತ್ತೀಚೆಗೆ ರಕ್ತ ಹೋಗಿದ್ದು ಅಥವಾ ರಕ್ತ ಹಾಕಿಸಿಕೊಂಡಿದ್ದು, ಡಯಾಲಿಸಿಸ್, ತುಂಬಿದ ಬಸುರಿ, ಇವರಲ್ಲೆಲ್ಲ ಡಯಾಬಿಟಿಸ್ ಪತ್ತೆಗೆ ನೇರ ಗ್ಲುಕೋಸನ್ನೇ ನೋಡಿ ಅಂತ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಮಾರ್ಗಸೂಚಿಯಲ್ಲೇ ಇದೆ. ನಮ್ಮ ತೋಟದ ಹೆಂಗಸರಲ್ಲಿ ಸಿಕಲ್ ಸೆಲ್ ಅಪರೂಪ, ಕಬ್ಬಿಣದ ಕೊರತೆ ಮನೆ ಮನೆಯಲ್ಲಿದೆ. ಕಬ್ಬಿಣ ಕಡಿಮೆಯಾದರೆ ಎಚ್‌ಬಿಎ1ಸಿ ಉಲ್ಟಾ, ಇರುವುದಕ್ಕಿಂತ ಜಾಸ್ತಿ ಬರುತ್ತದೆ. 6.6 ಅಂತ ಬಂದ ಇಬ್ಬರಿಗೆ ಮಾತ್ರೆ ಬರೆಯುವ ಮೊದಲು ಕಬ್ಬಿಣ ಕೊಟ್ಟು ನೋಡುತ್ತಿದ್ದೇನೆ.

ಮಗಳ ಪ್ರಶ್ನೆ ಬೇರೆ. ಅಮ್ಮನಿಂದ ಒಂದು ಸಿಕಲ್ ಜೀನ್ ಅವಳಿಗೆ ಬಂದೇ ಬಂದಿರುತ್ತದೆ. ಪರೀಕ್ಷೆ ಮಾಡಿಸಿದೆವು, ಅವಳು ವಾಹಕಿ ಮಾತ್ರ, ಕಾಯಿಲೆ ಇಲ್ಲ. ವಾಹಕರ ಕೆಂಪು ಕಣ ಹೆಚ್ಚುಕಮ್ಮಿ ಪೂರ್ತಿ ಆಯುಸ್ಸು ಬದುಕುತ್ತದೆ, ಎಚ್‌ಬಿಎ1ಸಿಯನ್ನು ಪೂರಾ ಬಿಸಾಡಬೇಕಿಲ್ಲ. ಆದರೆ ಆಫ್ರಿಕನ್ ಅಮೆರಿಕನ್ನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಷ್ಟೇ ಶುಗರ್‌ಗೆ ವಾಹಕರ ಅಂಕಿ ಸುಮಾರು 0.3 ಕಡಿಮೆ ಬಂದಿತ್ತು. ಅವಳ ಫೈಲಿನಲ್ಲಿ ಅದನ್ನು ಬರೆದಿಟ್ಟಿದ್ದೇನೆ.

ಅಕ್ಕನ ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ "ಎಚ್‌ಬಿಎ1ಸಿ ಬೇಡ" ಅಂತ ಬರೆದು ಲ್ಯಾಮಿನೇಟ್ ಮಾಡಿಸಿ ಕೊಟ್ಟಿದ್ದೆ. ಹೋದ ತಿಂಗಳು ಪೇಟೆಯಲ್ಲಿ ಒಂದು ಉಚಿತ ಶಿಬಿರ ಇತ್ತಂತೆ. ಅಕ್ಕ ತರಕಾರಿ ತರಲು ಹೋದವರು ಸಾಲಿನಲ್ಲಿ ನಿಂತಿದ್ದಾರೆ. ಫೈಲ್ ಮನೆಯಲ್ಲಿತ್ತು. 4.9 ಅಂತ ಚೀಟಿ ಕೊಟ್ಟು, ಶುಗರ್ ಚೆನ್ನಾಗಿ ಕಂಟ್ರೋಲ್‌ನಲ್ಲಿದೆ, ಇನ್ಸುಲಿನ್ ಬಿಡಬಹುದು, ನಿಮ್ಮ ಡಾಕ್ಟರನ್ನು ಕೇಳಿ ಅಂದರಂತೆ. ಈ ಸಲ ಬಂದಾಗ ನೋಟ್‌ಬುಕ್ ಬಿಚ್ಚಿ ನನ್ನ ಮುಂದೆ ತಳ್ಳಿದರು. ಆ ಚೀಟಿಯನ್ನು ಅದೇ ತಾರೀಕಿನ ಪುಟಕ್ಕೆ ಗುಂಡುಸೂಜಿ ಹಾಕಿ ಚುಚ್ಚಿದ್ದರು. ಚೀಟಿಯ ಕೆಳಗೆ, ಮಗಳ ಅಕ್ಷರದಲ್ಲಿ, ಅವತ್ತು ಬೆಳಗಿನ ಮೀಟರ್: 148. ನೀರು: ಎಂಟು ಚೊಂಬು. ನೋವು: ಒಂದು ಗೀಟು.